ಪಿಕಪ್ಪಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಕುಂಯ್ ಅಂತಿದೆ, ಯಾರಿಗಾದ್ರೂ ಹೀಗೆ ಆಗಿತ್ತಾ?

ತೋಟದವ (ಸಕಲೇಶಪುರ):
ಎಲ್ರಿಗೂ ನಮಸ್ಕಾರ. 2019ರ ಡೀಸೆಲ್ ಪಿಕಪ್, ಫೋರ್ ಬೈ ಫೋರ್, ಆಟೊಮ್ಯಾಟಿಕ್, 92 ಸಾವಿರ ಕಿಮೀ ಓಡಿದೆ. ಕಂಪನಿ ಹೆಸರು ಹಾಕಲ್ಲ, ಹಾಕಿದ್ರೆ ಜಗಳ ಅದ್ರ ಮೇಲೇ ಶುರುವಾಗುತ್ತೆ. ಮೂರು ತರ ಸದ್ದು. ಬೆಳಿಗ್ಗೆ ಚಳೀಲಿ ಸ್ಟಾರ್ಟ್ ಮಾಡಿದ್ರೆ ಎರಡು ನಿಮಿಷ ಕುಂಯ್ಯ್ ಅಂತ, ಬಿಸಿ ಆದ್ಮೇಲೆ ಕಮ್ಮಿ. ರಿವರ್ಸಿಂದ ಡ್ರೈವ್‌ಗೆ ಹಾಕಿದಾಗ ಒಂದು ಟಕ್. ಆಮೇಲೆ ಹೈವೇಲಿ 65-70ರಲ್ಲಿ ಆಕ್ಸಿಲರೇಟರ್ ಹಗುರವಾಗಿ ಒತ್ತಿಕೊಂಡು ಹೋಗ್ತಿದ್ರೆ ರಂಬಲ್ ಸ್ಟ್ರಿಪ್ ಮೇಲೆ ಹೋದ ಹಾಗೆ ಗರಗರ. ಗ್ಯಾರೇಜಲ್ಲಿ ಹತ್ತು ನಿಮಿಷ ನೋಡಿ ಫುಲ್ ಗೇರ್‌ಬಾಕ್ಸ್ ಬದಲಿಸ್ಬೇಕು 2.40 ಲಕ್ಷ ಅಂದ್ರು. ದೋಣಿಗಲ್ ದಾಟಿ ಶಿರಾಡಿ ಇಳಿಯೋಕೇ ಭಯ ಆಗ್ತಿದೆ. ಬಿಚ್ಚಿಸೋಕೆ ಮುಂಚೆ ಏನೇನು ನೋಡ್ಬೇಕು ಹೇಳಿ.

ಹುಬ್ಬಳ್ಳಿ ಮಂದಿ:
ಸರ, ಗೇರ್‌ಬಾಕ್ಸಿಗೆ ಕೈ ಹಚ್ಚಾಕ ಬಿಡಬ್ಯಾಡ್ರಿ. ನನಗೂ ಹಿಂಗ 1,85,000 ಅಂದಿದ್ರು. ಟಕ್ ಅನ್ನೋದು, 50 ದಾಟಿದ ಮ್ಯಾಲೆ ಗುಂಯ್ ಅನ್ನೋದು, ಎರಡೂ ಇತ್ತು. ಹೆಂಡ್ತಿ ಬಂಗಾರ ಅಡ ಇಡೋಣ ಅಂದ್ಲು ನೋಡ್ರಿ, ಆ ಮಟ್ಟಕ್ಕ ಹೋಗಿತ್ತು. ಕಡೀಕ ಲಾರಿ ರಿಪೇರಿ ಮಾಡೋ ಒಬ್ಬ ಮುದುಕ ಗಾಡಿ ಕೆಳಗ ಮಲಗಿ ಗೇರ್‌ಬಾಕ್ಸಿಂದ ಹಿಂದಿನ ಗಾಲಿಗೆ ಹೋಗೋ ಪ್ರೊಪೆಲ್ಲರ್ ಶಾಫ್ಟ್ ಕೈಲಿ ತಿರುವಿ ನೋಡಿ ನಕ್ಕ. ಶಾಫ್ಟಿನ ಕೀಲಿನ್ಯಾಗಿನ ಕ್ರಾಸ್ ಒಣಗಿ ಕೆಂಪು ಪುಡಿ ಆಗಿತ್ತು, ಶಾಫ್ಟ್ ನಡುವ ಹಿಡಿಯೋ ಸೆಂಟರ್ ಬೇರಿಂಗಿನ ರಬ್ಬರ್ ಹರಿದಿತ್ತು. ಕ್ರಾಸ್ ಎರಡು 1,350ರಂಗ 2,700, ಸೆಂಟರ್ ಬೇರಿಂಗ್ 3,200, ಮಜೂರಿ 1,100, ಗ್ರೀಸ್ 60. ಒಟ್ಟ 7,060. ಬಿಲ್ ಇನ್ನೂ ಪಾಕೀಟಿನ್ಯಾಗ ಇಟ್ಕೊಂಡೇನಿ. ಕ್ರಾಸ್ ನೋಡ್ರಿ ಮೊದ್ಲ.

ಅಡಿಕೆ ಭಟ್ರು (ಸುಳ್ಯ):
ಎಲ್ಲರಿಗೂ 7,060ಕ್ಕೆ ಮುಗಿಯುದಿಲ್ಲ ಮಾರಾಯ್ರೆ. ನಂದು ಕಳೆದ ಮಳೆಗಾಲದಲ್ಲಿ ತೋಟದ ತೋಡು ದಾಟುವಾಗ ಮಧ್ಯದಲ್ಲಿ ನಿಂತಿತು, ಬಂಪರ್‌ವರೆಗೆ ನೀರು, ಹದಿನೈದು ನಿಮಿಷ. ಬಿಸಿ ಗೇರ್‌ಬಾಕ್ಸ್ ಒಮ್ಮೆಲೇ ತಣ್ಣಗಾದದ್ದಕ್ಕೆ ಗಾಳಿ ಆಡುವ ಬ್ರೀದರ್ ಪೈಪಿಂದ ನೀರು ಒಳಗೆ ಎಳ್ಕೊಂಡಿದೆ. ಅದು ನನಗೆ ಗೊತ್ತಾದ್ದು ಮೂರು ವಾರ ಓಡಿಸಿದ ಮೇಲೆ. ಆಯಿಲ್ ತೆಗೆದು ನೋಡಿದ್ರೆ ರೋಸ್ ಮಿಲ್ಕ್! ನೀರು ತಾಗಿದ್ರೆ ಒಳಗಿನ ಕ್ಲಚ್ ಪ್ಲೇಟಿನ ಲೈನಿಂಗಿನ ಅಂಟು ಬಿಡ್ತದೆ, ಅದು ಪೇಪರಿನ ಹಾಗಿರುವ ವಸ್ತು. ಪ್ಲೇಟ್ ಸೆಟ್ 48,000, ಸೀಲ್ ಕಿಟ್ 17,500, ಇಂಜಿನ್ನಿನ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಕೊಯ್ದು ರಿಪೇರಿ 22,000, ಆಯಿಲ್ 12 ಲೀಟರ್ 1,150ರ ಹಾಗೆ 13,800, ಲೇಬರ್ 28,000. ಆಯ್ತಾ 1,29,300? ಗಾಡಿ 41 ದಿನ ಅಲ್ಲೇ, ಬಾಡಿಗೆ ಜೀಪಿಗೆ ದಿನಕ್ಕೆ 1,800, ಅದೇ 73,800. ಈಗಲೂ ಬೆಳಿಗ್ಗೆ ಕುಂಯ್ ಉಂಟು. ಹಾಗಿದ್ರೆ ಎಂತಕ್ಕೆ ಕೊಟ್ಟದ್ದು ನಾನು ಅಷ್ಟು?

ಪೀಣ್ಯ ಹುಡುಗ:
ಎಲ್ಲಾ ಆ ಲೈಫ್‌ಟೈಮ್ ಆಯಿಲ್, ಬದಲಿಸೋದೇ ಬೇಡ ಅನ್ನೋ ಸುಳ್ಳಿಂದ ಆಗೋದು. ಯಾರ ಲೈಫು? ನಾನು 1.10 ಲಕ್ಷದವರೆಗೂ ಮುಟ್ಟಿರಲಿಲ್ಲ, ಬಿಚ್ಚಿದ್ರೆ ಡಿಕಾಕ್ಷನ್ ತರ ಕಪ್ಪಗೆ, ಸುಟ್ಟ ವಾಸನೆ. ಯಾರೋ ಮಷೀನ್ ಹಾಕಿ ಹಳೇ ಆಯಿಲ್ ಪೂರ್ತಿ ಹೊರಗೆ ತಳ್ಳಿ ಫ್ಲಶ್ ಮಾಡ್ಸಿ ಗುರು ಅಂದ, 14,500 ಕೊಟ್ಟು ಮಾಡಿಸ್ದೆ, 600 ಕಿಮೀ ಆಗಿಲ್ಲ ಮೂರನೇ ಗೇರ್ ಸ್ಲಿಪ್. ಫ್ಲಶ್ ಮಾಡಿಸ್ಬೇಡಿ ಯಾರೂ. ಬರೀ ಡ್ರೈನ್ ಮಾಡಿ ತುಂಬ್ಸಿ.

ಟೆಕ್ಸಾಸ್ ಕನ್ನಡಿಗ:
ಡ್ರೈನ್ ಮಾಡಿದ್ರೆ ಅರ್ಧ ಕೂಡ ಬರಲ್ಲ, ಉಳಿದಿದ್ದು ಟಾರ್ಕ್ ಕನ್ವರ್ಟರಲ್ಲಿ, ಕೂಲರಲ್ಲಿ ಹಾಗೇ ಇರುತ್ತೆ. ಕೊಳಕು ನೀರಿಗೆ ಒಳ್ಳೆ ನೀರು ಬೆರೆಸಿದ ಹಾಗೆ. ಇಲ್ಲಿ ಡಲ್ಲಾಸ್ ಹತ್ರ ನನ್ನ ಪಿಕಪ್ ಇದೇ ಗರಗರ, 45 ಮೈಲಿ ಸ್ಪೀಡಲ್ಲಿ, ಕರೆಕ್ಟಾಗಿ ಕನ್ವರ್ಟರ್ ಲಾಕ್ ಆಗೋ ಹೊತ್ತಿಗೆ, ಅಂದ್ರೆ ಒಳಗಿನ ಲಾಕಪ್ ಕ್ಲಚ್ ಇಂಜಿನ್ನನ್ನ ಗೇರ್‌ಬಾಕ್ಸಿಗೆ ನೇರ ಕಚ್ಚಿಸೋವಾಗ. ಆಯಿಲ್ ತೇವ ಹೀರಿದ್ರೆ ಲಾಕಪ್ ಕ್ಲಚ್ ಹಿಡಿದು ಬಿಟ್ಟು ಹಿಡಿದು ಬಿಟ್ಟು ನಡುಗುತ್ತೆ. ವಾರಂಟೀಲಿ ಎರಡು ಸಲ ಪೂರ್ತಿ ಆಯಿಲ್ ಬದಲಿಸಿದ್ರು, ಆರಾರು ತಿಂಗಳು ಚೆನ್ನಾಗಿತ್ತು. ಮೂರನೇ ಸಲ ಹೋದಾಗ ಓಡೋಮೀಟರ್ 61,400 ಮೈಲಿ, ವಾರಂಟಿ 60,000ಕ್ಕೆ ಖತಂ. 1,400 ಮೈಲಿ! ಹಿಂದಿನ ತಿಂಗಳು ಮಗಳನ್ನ ಕಾಲೇಜಿಗೆ ಬಿಡೋಕೆ ಹ್ಯೂಸ್ಟನ್‌ಗೆ ಹೋಗಿ ಬರದೇ ಇದ್ದಿದ್ರೂ ಉಳೀತಿರ್ಲಿಲ್ಲ ಬಿಡಿ, ಆದ್ರೂ ಹೊಟ್ಟೆ ಉರಿಯುತ್ತೆ. ಕನ್ವರ್ಟರ್ ಬದಲಿಸೋಕೆ 3,870 ಡಾಲರ್.

ಪೀಣ್ಯ ಹುಡುಗ:
ಅಣ್ಣ ಡಾಲರ್ ಲೆಕ್ಕ ನಮಗ್ಯಾಕೆ. ಅಲ್ಲಿ ಫ್ಲಶ್ ಮಾಡೋನು ಟ್ರೈನಿಂಗ್ ತಗೊಂಡಿರ್ತಾನೆ, ಇಲ್ಲಿ ಮಷೀನ್ ಮೇಲೆ ಬಟ್ಟೆ ಒಣಗಾಕಿರ್ತಾರೆ.

ಟೆಕ್ಸಾಸ್ ಕನ್ನಡಿಗ:
1.10 ಲಕ್ಷ ಕಿಮೀ ಆಯಿಲ್ ಮುಟ್ಟದೇ ಇದ್ದಿದ್ದು ನೀವು. ಗೇರ್‌ಬಾಕ್ಸ್ ಆಗ್ಲೇ ಸತ್ತಿತ್ತು, ಫ್ಲಶ್ ಮೇಲೆ ಕೊಲೆ ಕೇಸ್ ಹಾಕ್ತಿದೀರ.

ಸ್ಪ್ಯಾನರ್ ಮೈಸೂರು:
ಎಲ್ರೂ ನಿಮ್ನಿಮ್ಮ ಗಾಡಿ ಸದ್ದೇ ಕೇಳಿಸ್ಕೊತಾ ಇದ್ದೀರಲ್ಲ. ತೋಟದವ್ರೆ, ಸದ್ದು ಇಂಜಿನ್ ಆರ್‌ಪಿಎಂ ಜೊತೆ ಏರುತ್ತೋ, ಗಾಡಿ ಸ್ಪೀಡ್ ಜೊತೆ ಏರುತ್ತೋ ಅದನ್ನ ಮೊದ್ಲು ನೋಡಿ. ಪಾರ್ಕಲ್ಲಿ ನಿಲ್ಸಿ ರೇಸ್ ಕೊಡಿ, ಆಗ್ಲೂ ಕುಂಯ್ ಏರಿದ್ರೆ ಗೇರ್‌ಬಾಕ್ಸಿನ ಆಯಿಲ್ ಪಂಪು, ಇಲ್ಲಾ ಆಯಿಲ್ ಕಮ್ಮಿ, ಇಲ್ಲಾ ಫಿಲ್ಟರ್ ಕಟ್ಟಿದೆ. ನ್ಯೂಟ್ರಲಲ್ಲಿ ಸದ್ದಿಲ್ಲ, ಬ್ರೇಕ್ ಒತ್ತಿ ಡ್ರೈವ್‌ಗೆ ಹಾಕಿದ ಕೂಡ್ಲೇ ಬಂತು ಅಂದ್ರೆ ಕನ್ವರ್ಟರ್ ಬೇರಿಂಗ್ ಮೇಲೆ ಅನುಮಾನ, ಯಾಕಂದ್ರೆ ಆಗ ಅದರ ಒಂದು ಕಡೆ ನಿಂತಿರುತ್ತೆ ಇನ್ನೊಂದು ಕಡೆ ತಿರುಗ್ತಿರುತ್ತೆ. ಐಡ್ಲಿಂಗಲ್ಲಿ ಕಟಕಟ ಅಂದ್ರೆ ಇಂಜಿನ್ನಿಗೂ ಕನ್ವರ್ಟರಿಗೂ ನಡುವಿನ ತಟ್ಟೆ, ಫ್ಲೆಕ್ಸ್‌ಪ್ಲೇಟ್, ಬಿರುಕು ಬಿಟ್ಟಿರಬಹುದು, ಬೋಲ್ಟ್ ಲೂಸ್ ಆಗಿರಬಹುದು, ಅದನ್ನ ಇಂಜಿನ್ ಬೇರಿಂಗ್ ಅಂದ್ಕೊಂಡು ಇಂಜಿನ್ ಇಳಿಸಿದವ್ರನ್ನ ಕಂಡಿದ್ದೀನಿ. ಗಾಡಿ ಓಡಿದ್ರೆ ಮಾತ್ರ ಬರೋ ಸದ್ದಿಗೆ ಶಾಫ್ಟು, ಡಿಫರೆನ್ಷಿಯಲ್ಲು, ವೀಲ್ ಬೇರಿಂಗು ನೋಡ್ಬೇಕು. ಆಯಿಲ್ ಲೆವೆಲ್ ನೋಡ್ದೆ 2.40 ಲಕ್ಷ ಹೇಳಿದವ್ನ ಹತ್ರ ಮತ್ತೆ ಹೋಗ್ಬೇಡಿ.

ಪೀಣ್ಯ ಹುಡುಗ:
ಇವ್ರೊಬ್ರು ಸೋಫಾ ಮೇಲೆ ಕೂತು ಗೇರ್‌ಬಾಕ್ಸ್ ಬಿಚ್ಚೋರು.

ಸ್ಪ್ಯಾನರ್ ಮೈಸೂರು:
22 ವರ್ಷದಿಂದ ಪಿಟ್ ಒಳಗೆ ನಿಂತಿದೀನಿ ತಮ್ಮ. ನೀನು ಆ 14,500ಕ್ಕೆ ಯಾವ ಆಯಿಲ್ ಹಾಕಿಸ್ದೆ, ಡಬ್ಬದ ಮೇಲೆ ಓದಿದ್ಯಾ?

ಪೀಣ್ಯ ಹುಡುಗ:
ಜೆ.ಸಿ. ರೋಡಿಂದ ನಾನೇ ತಂದಿದ್ದು, ಡ್ರಮ್ಮಿಂದ ಬಗ್ಗಿಸಿ ಕೊಟ್ರು, ಡೆಕ್ಸ್‌ರಾನ್ 3 ಅನ್ನೋ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್, ಎಲ್ಲಾ ಗಾಡಿಗೂ ಆಗುತ್ತೆ.

ಸ್ಪ್ಯಾನರ್ ಮೈಸೂರು:
ಅಲ್ಲಿಗೆ ಆಯ್ತಲ್ಲ. ಈಗಿನ ಆರು ಸ್ಪೀಡ್ ಗೇರ್‌ಬಾಕ್ಸಿಗೆ ಬೇಕಿರೋದು ಅದಕ್ಕಿಂತ ತೆಳು ಆಯಿಲ್. ಕೆಂಪಗಿರೋದೆಲ್ಲ ಒಂದೇ ಅಂದ್ರೆ ರಸ್ನಾ ಕೂಡ ಹಾಕ್ಬಹುದಿತ್ತು.

ಅಡಿಕೆ ಭಟ್ರು (ಸುಳ್ಯ):
ಇದಕ್ಕೇ ನಾನು ಹೇಳುದು, ತೋಟಕ್ಕೆ ಮ್ಯಾನ್ಯುವಲ್ಲೇ ಸರಿ. ಕ್ಲಚ್ ಹೋದ್ರೆ ನಮ್ಮೂರಲ್ಲೇ ಒಂದು ದಿನದಲ್ಲಿ ಹಾಕ್ತಾರೆ. ಮಗ ಹೇಳಿದ ಅಂತ ಆಟೊಮ್ಯಾಟಿಕ್ ತಗೊಂಡದ್ದು ನಾನು. ಅವನಿಗೆಂತ, ಅವ ಪುಣೆಯಲ್ಲಿ.

ಹುಬ್ಬಳ್ಳಿ ಮಂದಿ:
ಭಟ್ರ, ನಿಮ್ಮ ಮಗನ್ನ ಬೈದ್ರ ಇವರ ಗಾಡಿ ಸದ್ದು ನಿಲ್ಲೂದಿಲ್ಲ. ತ್ವಾಟದವ್ರ, ಅಲ್ಲೀಮಟ ಘಾಟ್ ಇಳೀವಾಗ ನ್ಯೂಟ್ರಲ್ ಹಾಕ್ಕೊಂಡು ಇಳೀರಿ, ಬಾಕ್ಸಿಗೆ ಲೋಡ್ ಬೀಳೂದಿಲ್ಲ.

ಸ್ಪ್ಯಾನರ್ ಮೈಸೂರು:
ಯಾರೂ ಹಾಗೆ ಮಾಡ್ಬೇಡಿ! ಶಿರಾಡೀಲಿ ನ್ಯೂಟ್ರಲ್ ಹಾಕಿದ್ರೆ ಇಂಜಿನ್ ಹಿಡಿತ ಇರಲ್ಲ, ಗುಂಡ್ಯ ಮುಟ್ಟೋ ಹೊತ್ತಿಗೆ ಬ್ರೇಕ್ ಕಾದು ಕೈಕೊಡುತ್ತೆ. ಏನ್ ಸಲಹೆ ರೀ ಇದು.

ಹುಬ್ಬಳ್ಳಿ ಮಂದಿ:
ನಾ ಅರಬೈಲ್ ಘಟ್ಟದಾಗ ಇಪ್ಪತ್ತು ವರ್ಷ ಹಂಗ ಇಳ್ದೇನಿ, ಏನೂ ಆಗಿಲ್ಲ.

ಅಡಿಕೆ ಭಟ್ರು (ಸುಳ್ಯ):
ನಿಮಗೆ ಆಗಿಲ್ಲ, ಎದುರು ಬರುವವನಿಗೆ ಆಗ್ತದೆ.

ತೋಟದವ (ಸಕಲೇಶಪುರ):
ನಿನ್ನೆ ಇನ್ನೊಂದು ಕಡೆ ಲಿಫ್ಟ್ ಮೇಲೆ ಹಾಕಿಸ್ದೆ. ಪಾರ್ಕಲ್ಲಿ ರೇಸ್ ಕೊಟ್ರೂ ಕುಂಯ್ ಏರ್ತಿತ್ತು. ಇದ್ರಲ್ಲಿ ಡಿಪ್‌ಸ್ಟಿಕ್ ಇಲ್ಲ, ಇಂಜಿನ್ ಓಡ್ತಿರೋವಾಗ ಆಯಿಲ್ ಟೆಂಪರೇಚರ್ ಸ್ಕ್ಯಾನರಲ್ಲಿ ನೋಡ್ಕೊಂಡು ಲೆವೆಲ್ ನೋಡೋ ಪಕ್ಕದ ಪ್ಲಗ್ ಬಿಚ್ಚಿದ್ರು, ಆಯಿಲ್ ಸರಿ ಇದ್ರೆ ಸ್ವಲ್ಪ ಹೊರಗೆ ಬರ್ಬೇಕು, ಒಂದು ಹನಿ ಬರಲಿಲ್ಲ. ಕೂಲರ್ ಪೈಪಿನ ಜಾಯಿಂಟಲ್ಲಿ ಒಸರಿ ಒಸರಿ ಲೀಟರ್ ಹತ್ರ ಹೋಗಿದೆ, ಕೆಳಗಿನ ಗಾರ್ಡ್ ಮೇಲೆ ಮಣ್ಣು ಸೇರಿ ಕೆಸರಾಗಿದ್ದಕ್ಕೆ ನೆಲಕ್ಕೆ ಬಿದ್ದಿಲ್ಲ, ನನಗೂ ಕಂಡಿಲ್ಲ. ಪೈಪ್ 3,400, ಕಂಪನಿ ಹೇಳಿದ್ದೇ ಆಯಿಲ್, ಫಿಲ್ಟರ್, ಎಲ್ಲಾ ಸೇರಿ 16,900. ಇವತ್ತು ಬೆಳಿಗ್ಗೆ ಕುಂಯ್ ಇಲ್ಲ. ಗರಗರ ಸ್ವಲ್ಪ ಇದೆ, ಸಾವಿರ ಕಿಮೀ ಓಡ್ಸಿ ಇನ್ನೊಂದ್ಸಲ ಆಯಿಲ್ ಬದಲಿಸಿ ನೋಡೋಣ ಅಂದಿದ್ದಾರೆ. ಟಕ್ ಹಾಗೇ ಇದೆ.

ಟೆಕ್ಸಾಸ್ ಕನ್ನಡಿಗ:
ಗರಗರ ವಾಪಸ್ ಬರುತ್ತೆ. ವಾರಂಟಿ ಇದ್ರೆ ಇವತ್ತೇ ಬರೆಸಿಡಿ, ನನ್ನ ತರ 1,400 ಮೈಲಿ ದಾಟೋವರೆಗೂ ಕಾಯ್ಬೇಡಿ.

ಪೀಣ್ಯ ಹುಡುಗ:
ಫ್ಲಶ್ ಮಾಡ್ಸಿಲ್ಲ ತಾನೆ?

ಹುಬ್ಬಳ್ಳಿ ಮಂದಿ:
ಟಕ್ ಐತಿ ಅಂದ್ರ ಕ್ರಾಸ್. ನೋಡಿದ್ರಿ?

ತೋಟದವ (ಸಕಲೇಶಪುರ):
ನೋಡಿದ್ವಿ ಸರ್, ಲಿಫ್ಟ್ ಮೇಲೇ ಎರಡೂ ಕ್ರಾಸ್ ಹಿಡಿದು ಅಲ್ಲಾಡಿಸಿದ್ರು, ಲೂಸ್ ಇಲ್ಲ.

ಹುಬ್ಬಳ್ಳಿ ಮಂದಿ:
ಅವರು ಸರಿ ನೋಡಿಲ್ರಿ.