ಅಲಿಯಾಸ್‌ಗೆ ‘ಉರುಫ್’ ಒಗ್ಗುತ್ತದೆಯೇ?

ಕೋಲಾರದ ನಮ್ಮ ಕಚೇರಿಯ ಒಳಜಾಲಕ್ಕೆ ಬೈಂಡ್ ತಂತ್ರಾಂಶದ ಒಂದು ಡಿಎನ್‌ಎಸ್ ಸರ್ವರ್ ಇದೆ, ಅಂದರೆ ಯಂತ್ರದ ಹೆಸರು ಹೇಳಿದರೆ ಅದರ ಅಂಕಿಗಳ ವಿಳಾಸ (ಐಪಿ) ಹುಡುಕಿಕೊಡುವ ವ್ಯವಸ್ಥೆ. ಕಡತಗಳನ್ನೂ ಪ್ರಿಂಟರನ್ನೂ ನೋಡಿಕೊಳ್ಳುವ ಯಂತ್ರಕ್ಕೆ ಊರ ಬೆಟ್ಟದ ನೆನಪಿಗೆ ‘ಅಂತರಗಂಗೆ’ ಎಂದು ಹೆಸರಿಟ್ಟಿದ್ದೇವೆ. ‘ಕಡತ’, ‘ಮುದ್ರಣ’ ಎಂದು ಕರೆದರೂ ಅದೇ ಓಗೊಡಬೇಕು. ನಾಳೆ ಯಂತ್ರ ಬದಲಾದರೂ ಆ ಹೆಸರುಗಳು ಉಳಿಯಬೇಕು. (ಗಂಗರು ತಲಕಾಡಿಗೆ ಹೋದ ಮೇಲೂ ‘ಕುವಳಾಲಪುರವರೇಶ್ವರ’, ಅಂದರೆ ಕೋಲಾರದ ಒಡೆಯ, ಎಂಬ ಬಿರುದನ್ನು ಬಿಡಲಿಲ್ಲವಲ್ಲ, ಹಾಗೆ.) ಇಂಥ ಹೆಸರು ಇಂಗ್ಲಿಷಿನಲ್ಲಿ ಅಲಿಯಾಸ್, ಅದನ್ನು ಬರೆದಿಡುವ ದಾಖಲೆ ಸಿ-ನೇಮ್. ಸಹೋದ್ಯೋಗಿಗಳಿಗೆ ಕನ್ನಡದಲ್ಲಿ ಕೈಪಿಡಿ ಬರೆಯಲು ಕುಳಿತವನು ಈ ಎರಡು ಪದಗಳಲ್ಲೇ ಸಿಕ್ಕಿಕೊಂಡಿದ್ದೇನೆ.

ಅಲಿಯಾಸ್ ಎಂದೇ ಇಡೋಣವೆಂದರೆ ಪತ್ರಿಕೆಗಳ ಅಪರಾಧ ಸುದ್ದಿ ಅದನ್ನು ಕೆಡಿಸಿಟ್ಟಿದೆ. ಅಡ್ಡಹೆಸರು ಎಂದರೆ ಉತ್ತರ ಕರ್ನಾಟಕದವರಿಗೆ ಮನೆತನದ ಹೆಸರು. ಕಾವ್ಯನಾಮ, ಪ್ರಿಂಟರಿಗೆ ಅತಿಯಾಯಿತು. ಉಳಿದದ್ದು ನಮ್ಮ ಜಮೀನು ಪತ್ರಗಳ ‘ಉರುಫ್’.

ತೊಡಕಿರುವುದು ಹೆಸರುಗಳ ಕ್ರಮದಲ್ಲಿ. ‘ಮುನಿಯಪ್ಪ ಉರುಫ್ ಮುನಿಗ’ ಎನ್ನುವಾಗ ಅಸಲು ಹೆಸರು ಮೊದಲು, ಕರೆಯುವ ಹೆಸರು ಆಮೇಲೆ. ಸಿ-ನೇಮ್ ಸಾಲಿನಲ್ಲಿ ತಿರುಗುಮುರುಗು: ಎಡಕ್ಕೆ ‘ಕಡತ’, ಬಲಕ್ಕೆ ‘ಅಂತರಗಂಗೆ’. ಸಿ-ನೇಮ್ ಎಂದರೆ ಕೆನಾನಿಕಲ್ ನೇಮ್, ಅಸಲು ಹೆಸರು, ಅಂದರೆ ಬಲಗಡೆಯದು. ಎಡಗಡೆಯದನ್ನೇ ಹಾಗೆ ಕರೆಯುವ ರೂಢಿ ಬಲ್ಲವರಲ್ಲೂ ಎಷ್ಟಿತ್ತೆಂದರೆ ಅಂತರಜಾಲದ ನಿಯಮಗಳನ್ನು ಬರೆದಿಡುವ ಆರ್‌ಎಫ್‌ಸಿ ಸರಣಿಯ 1997ರ 2181ನೆಯ ದಸ್ತಾವೇಜು ಅದನ್ನು ಹೆಸರಿಸಿಯೇ ತಿದ್ದಬೇಕಾಯಿತು.

ಕರಡಿನಲ್ಲಿ ನಾನು ‘ಮೂಲನಾಮ ದಾಖಲೆ’ ಎಂದು ಬರೆದಿದ್ದೆ. ಅದನ್ನು ನಂಬಿದ ಹುಡುಗನೊಬ್ಬ ಮೂಲನಾಮವನ್ನೇ ಎಡಕ್ಕೆ ಬರೆದ. ಅಂತರಗಂಗೆಗೆ ಐಪಿ ವಿಳಾಸ ಹೇಳುವ ಎ ದಾಖಲೆ ಆಗಲೇ ಇತ್ತು. ಸಿ-ನೇಮ್ ಇರುವ ಹೆಸರಿಗೆ ಅಂಥ ಇನ್ನೊಂದು ದಾಖಲೆ ಇರಕೂಡದು. ಮರುಚಾಲನೆ ಮಾಡಿದಾಗ ಬೈಂಡ್ ಇಡೀ ವಲಯವನ್ನೇ, ಅಂದರೆ ನಮ್ಮ ಹೆಸರುಗಳ ಪಟ್ಟಿಯನ್ನೇ, ತಿರಸ್ಕರಿಸಿತು. ಮಧ್ಯಾಹ್ನದವರೆಗೆ ಒಂದು ಹಾಳೆಯೂ ಅಚ್ಚಾಗಲಿಲ್ಲ. ಹುಡುಗನನ್ನು ಬೈಯಲು ಬಾಯಿ ಬರಲಿಲ್ಲ, ಪದ ನನ್ನದು.

ಈಗ ಎಡಗಡೆಯದಕ್ಕೆ ‘ಕರೆಹೆಸರು’, ಬಲಗಡೆಯದಕ್ಕೆ ‘ಅಸಲು ಹೆಸರು’, ಸಾಲಿಗೆ ‘ಉರುಫ್ ದಾಖಲೆ’ ಎಂದು ತಿದ್ದಿದ್ದೇನೆ. ಮೊದಲೆರಡರ ಬಗ್ಗೆ ನನಗೆ ಅಳುಕಿಲ್ಲ. ಮೂರನೆಯದರ ಬಗ್ಗೆ ಕೇಳುವುದಿದೆ: ಕರಾವಳಿಯವರು ಇದೇ ಜಾಗದಲ್ಲಿ ‘ಯಾನೆ’ ಬರೆಯುತ್ತಾರೆ. ಅಲ್ಲಿ ಯಾನೆಯ ಎರಡೂ ಬದಿಯ ಹೆಸರುಗಳಿಗೆ ಸಮಾನ ತೂಕವೇ, ಅಥವಾ ಉರುಫ್‌ನಂತೆ ಒಂದು ಅಸಲು, ಇನ್ನೊಂದು ರೂಢಿಯೇ? ದಿನವೂ ಬಳಸುವವರು ತಿಳಿಸಿದರೆ ಕೈಪಿಡಿಯನ್ನು ಅಚ್ಚಿಗೆ ಕೊಡುತ್ತೇನೆ.