ಅಪ್‌ಡೇಟ್: ಕ್ಯಾನಬಿಡಿಯಾಲ್, ಕ್ಲೋಬಜಾಮ್ ಜೊತೆಗಿದ್ದಾಗ

ಡ್ರಾವೆ ಸಿಂಡ್ರೋಮ್ (ಎಳವೆಯಲ್ಲೇ ಶುರುವಾಗುವ ತೀವ್ರ ಅಪಸ್ಮಾರ) ಇರುವ 20 ಕಿಲೋ ತೂಕದ ಮಗುವಿಗೆ ಕ್ಯಾನಬಿಡಿಯಾಲ್ (ಗಾಂಜಾ ಗಿಡದಿಂದ ತೆಗೆದ ಸೆಳೆತದ ಔಷಧ) ಹೇಗೆ ಶುರುಮಾಡುತ್ತಾರೆ, ಸೆಳೆತದ ಇನ್ನೊಂದು ಔಷಧ ಕ್ಲೋಬಜಾಮ್ ಜೊತೆಗಿದ್ದರೆ ಏನಾಗುತ್ತದೆ ಎಂದು ಕಾಸರಗೋಡಿನಿಂದ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ. ಮಕ್ಕಳ ನರರೋಗ ತಜ್ಞರಲ್ಲಿ ಖಚಿತಪಡಿಸಿಕೊಂಡದ್ದು ಇಲ್ಲಿದೆ.

ಕ್ಯಾನಬಿಡಿಯಾಲ್‌ನ ಬ್ರ್ಯಾಂಡ್ ಆದ ಎಪಿಡಿಯೊಲೆಕ್ಸ್ ದ್ರಾವಣದ 1 ಮಿ.ಲೀ.ನಲ್ಲಿ 100 ಮಿ.ಗ್ರಾಂ ಔಷಧ. ಮೊದಲ ವಾರ ಕಿಲೋಗೆ 2.5 ಮಿ.ಗ್ರಾಂನಂತೆ ದಿನಕ್ಕೆರಡು ಸಲ, ಅಂದರೆ ಸಲಕ್ಕೆ 0.5 ಮಿ.ಲೀ. ಆಮೇಲೆ ಸಲಕ್ಕೆ 1 ಮಿ.ಲೀ. ಚಮಚ ಬೇಡವೇ ಬೇಡ, ಸಿರಿಂಜ್ ಬೇಕು. ಅದೂ ಪೂರ್ತಿ ಒಣಗಿರಬೇಕು. ಎಳ್ಳೆಣ್ಣೆಯಲ್ಲಿ ಕರಗಿಸಿದ ಔಷಧವಿದು, ಎಳ್ಳು ಆಗದ ಮಕ್ಕಳಿಗೆ ಕೊಡುವಂತಿಲ್ಲ.

ಎರಡೂ ಔಷಧ ಒಟ್ಟಿಗಿದ್ದಾಗ ಬರುವ ತೂಕಡಿಕೆಗೆ ಕಾರಣ ಈಗ ಸ್ಪಷ್ಟವಾಯಿತು. ಕ್ಲೋಬಜಾಮ್‌ನಿಂದ ದೇಹದಲ್ಲಿ ಹುಟ್ಟುವ ಎನ್-ಡೆಸ್‌ಮೀಥೈಲ್‌ಕ್ಲೋಬಜಾಮ್ ಎಂಬ ವಸ್ತುವನ್ನು ಒಡೆಯುವ ಕಿಣ್ವವನ್ನು ಕ್ಯಾನಬಿಡಿಯಾಲ್ ತಡೆಯುತ್ತದೆ. ಒಡೆಯದೆ ಉಳಿದ ಆ ವಸ್ತು ರಕ್ತದಲ್ಲಿ ಏರಿ ತೂಕಡಿಕೆ ತರುತ್ತದೆ. ಹಾಗಾಗಿ ವೈದ್ಯರು ಮೊದಲು ಇಳಿಸಲು ನೋಡುವುದು ಕ್ಲೋಬಜಾಮನ್ನು. ಮನೆಯಲ್ಲೇ ಯಾವುದನ್ನೂ ದಿಢೀರ್ ನಿಲ್ಲಿಸಬೇಡಿ, ಸೆಳೆತ ಉಲ್ಬಣಿಸುತ್ತದೆ. ಸೆಳೆತದ ಮತ್ತೊಂದು ಔಷಧ ವ್ಯಾಲ್‌ಪ್ರೊಯೇಟ್ ಕೂಡ ಇದ್ದರೆ ಯಕೃತ್ತಿಗೆ ಅಪಾಯ ಹೆಚ್ಚು: ಶುರುವಿಗೆ ಮುಂಚೆ, ನಂತರ 1, 3, 6 ತಿಂಗಳಿಗೆ ರಕ್ತಪರೀಕ್ಷೆ.

ಊಟದ ಮಾತು ಯಾರೂ ಹೇಳಿರಲಿಲ್ಲ. ಜಿಡ್ಡಿನ ಊಟದೊಂದಿಗೆ ಔಷಧ ಬಹಳ ಹೆಚ್ಚು ಹೀರಿಕೊಳ್ಳುತ್ತದೆ. ಒಂದು ದಿನ ಬರೀ ಗಂಜಿ, ಮರುದಿನ ತುಪ್ಪದನ್ನ ಆದರೆ ಡೋಸ್ ಅದೇ ಇದ್ದರೂ ರಕ್ತದ ಮಟ್ಟ ಏರಿಳಿಯುತ್ತದೆ.

2017ರ ಡ್ರಾವೆ ಪ್ರಯೋಗದಲ್ಲಿ ಔಷಧ ಪಡೆದವರ ಸೆಳೆತ ತಿಂಗಳಿಗೆ 12.4ರಿಂದ 5.9ಕ್ಕೆ ಇಳಿಯಿತು, ಹುಸಿಮದ್ದಿನವರಲ್ಲಿ 14.9ರಿಂದ 14.1.