ಆರ್ಕಿಡ್ ಪ್ರದರ್ಶನದ ಮೇಜು ಜೋಡಿಸಲು ಹೆಸರು ಕೊಟ್ಟಿದ್ದೇನೆ, ಹೊಸಬಳು ಯಾವ ಕೆಲಸಕ್ಕೆ ಕೈ ಹಾಕಬಹುದು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಸಸ್ಯಪ್ರಿಯರ ಸಂಘವೊಂದರ ಹೊಸ ಸದಸ್ಯೆ. ಮುಂದಿನ ತಿಂಗಳ ಆರ್ಕಿಡ್ ಪ್ರದರ್ಶನದಲ್ಲಿ ಸಂಘದ ಮೇಜನ್ನು ಸಜ್ಜುಗೊಳಿಸಲು ಯಾರು ಬರುತ್ತೀರಿ ಎಂದು ಸಭೆಯಲ್ಲಿ ಕೇಳಿದಾಗ ಎಲ್ಲರೂ ತಮ್ಮ ತಮ್ಮ ಕೈಚೀಲಗಳನ್ನೇ ನೋಡುತ್ತ ಕುಳಿತಿದ್ದರಿಂದ, ಆ ಮೌನವನ್ನು ತಾಳಲಾರದೆ ನಾನು ಕೈ ಎತ್ತಿದೆ. ಈಗ ಅಳುಕು ಶುರುವಾಗಿದೆ. ನನ್ನ ಬಳಿ ಇರುವುದು ಐದು ಫಲೆನಾಪ್ಸಿಸ್ ಮತ್ತು ಎರಡು ವರ್ಷಗಳಿಂದ ಎಲೆಯನ್ನಷ್ಟೇ ಬಿಡುತ್ತಿರುವ ಒಂದು ಡೆಂಡ್ರೋಬಿಯಂ. ಮೇಜಿಗೆ ಬರಲಿರುವುದು ಬೇರೆಯವರ ನಲವತ್ತಕ್ಕೂ ಹೆಚ್ಚು ಗಿಡಗಳು. ಅವುಗಳಲ್ಲಿ ಕೆಲವು ನನ್ನ ಮಗಳಿಗಿಂತ ಹಿರಿಯವು.

ಬಣ್ಣ, ಎತ್ತರಗಳನ್ನು ಹೊಂದಿಸುವ ಕಣ್ಣು ನನಗಿದೆ ಎಂದು ಹೇಳಿಕೊಳ್ಳಲಾರೆ. ಇಂಥವಳು ಅಲ್ಲಿ ನಿಜವಾಗಿ ಉಪಯೋಗಕ್ಕೆ ಬರುವ ಕೆಲಸ ಯಾವುದು? ಬೇರೆಯವರ ಹೂವು ಹಾಳಾಗದಂತೆ ಗಿಡವನ್ನು ಎತ್ತಿಡುವ ಕ್ರಮವೇನು? ಮನೆಯಿಂದ ಏನನ್ನು ಒಯ್ಯಬೇಕು?

ಉತ್ತರ 1

ಅಲಂಕಾರದ ಕಣ್ಣು ಒಬ್ಬರಿಗಿದ್ದರೆ ಸಾಕು. ಇಬ್ಬರಿಗಿದ್ದರೆ ಮಧ್ಯಾಹ್ನದವರೆಗೂ ಮೇಜಿನ ಮೇಲೆ ಒಂದು ಗಿಡವೂ ನಿಲ್ಲುವುದಿಲ್ಲ. ಜೋಡಿಸುವವರು ನಾಲ್ಕು ಹೆಜ್ಜೆ ಹಿಂದೆ ನಿಂತು "ಸ್ವಲ್ಪ ಎಡಕ್ಕೆ" ಎನ್ನುತ್ತಿರುವಾಗ ಕುಂಡವನ್ನು ಹಿಡಿದು ಸರಿಸುವ ಎರಡು ನಿಧಾನದ ಕೈಗಳು ಬೇಕು. ಆ ಕೈಗಳು ನಿಮ್ಮವಾಗಲಿ.

ಗಿಡವನ್ನು ಯಾವಾಗಲೂ ಕುಂಡದ ತಳಕ್ಕೆ ಕೈಕೊಟ್ಟು ಎತ್ತಿ. ಹೂದಂಟನ್ನಾಗಲಿ ಆಸರೆಯ ಕಡ್ಡಿಯನ್ನಾಗಲಿ ಹಿಡಿಯಬೇಡಿ. ಹೂವು ಜನರ ಕಡೆಗೆ ಮುಖ ಮಾಡಿಲ್ಲವೆಂದು ಅನೇಕರು ದಂಟನ್ನೇ ತಿರುಗಿಸಲು ಹೋಗುತ್ತಾರೆ, ಅಲ್ಲಿಗೆ "ಟಕ್" ಎಂಬ ಸದ್ದು ಕೇಳಿಸುತ್ತದೆ. ಕುಂಡದ ಹಿಂಬದಿಗೆ ಒಂದು ಮರದ ತುಂಡನ್ನು ಕೊಟ್ಟು ಇಡೀ ಗಿಡವನ್ನು ಮುಂದಕ್ಕೆ ತುಸು ಬಾಗಿಸಿದರೆ ಅದೇ ಕೆಲಸ ಅಪಾಯವಿಲ್ಲದೆ ಆಗುತ್ತದೆ. ನಿಮ್ಮ ಗಿಡಗಳಲ್ಲೊಂದು ಮೊಗ್ಗಾಗಿದ್ದು ಅದನ್ನೂ ಒಯ್ಯುವುದಾದರೆ, ಇಂದಿನಿಂದಲೇ ಕುಂಡದ ಒಂದು ಬದಿಗೆ ಗುರುತು ಹಾಕಿ ಅದೇ ಬದಿ ಬೆಳಕಿಗಿರುವಂತೆ ನೋಡಿಕೊಳ್ಳಿ. ಬಹುತೇಕ ಆರ್ಕಿಡ್‌ಗಳ ಮೊಗ್ಗು ಅರಳುವ ಮೊದಲು ತನ್ನ ತೊಟ್ಟಿನ ಮೇಲೆ ಅರ್ಧ ಸುತ್ತು ತಿರುಗಿ ತುಟಿಯನ್ನು, ಅಂದರೆ ಉಳಿದವುಗಳಿಗಿಂತ ಬೇರೆಯಾಗಿ ಕಾಣುವ ಒಂದು ದಳವನ್ನು, ಕೆಳಕ್ಕೆ ತಂದುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಕುಂಡದ ದಿಕ್ಕು ಬದಲಾದರೆ ಒಂದೇ ದಂಟಿನ ಹೂಗಳು ಜಗಳವಾಡಿಕೊಂಡವರಂತೆ ಬೇರೆ ಬೇರೆ ಕಡೆ ನೋಡುತ್ತವೆ.

ಇನ್ನೊಂದು ಎಚ್ಚರಿಕೆ ನನ್ನ ತಪ್ಪಿನಿಂದಲೇ ಬಂದದ್ದು. ಮೊದಲ ವರ್ಷ ಹಿಂದಿನ ಸಾಲಿನ ಕುಂಡವೊಂದನ್ನು ಸರಿಪಡಿಸಲು ಫಲೆನಾಪ್ಸಿಸ್ ಒಂದರ ಮೇಲಿನಿಂದ ಕೈ ಚಾಚಿದೆ. ಮನೆಗೆ ಬಂದ ಮೇಲೆ ನೋಡಿದರೆ ಉಣ್ಣೆಯ ತೋಳಿಗೆ ಸಾಸಿವೆಗಿಂತ ಚಿಕ್ಕದಾದ ಎರಡು ಹಳದಿ ಉಂಡೆಗಳು ಅಂಟಿದ್ದವು. ಅದು ಪರಾಗ. ಆರ್ಕಿಡ್‌ನ ಪರಾಗ ಪುಡಿಯಾಗಿರದೆ ಉಂಡೆಯಾಗಿರುತ್ತದೆ. ಅದು ಕಿತ್ತುಬಂದರೆ ಹೂವಿನಲ್ಲಿ ಎಥಿಲಿನ್ ಅನಿಲ ಹೆಚ್ಚಿ, ವಾರಗಟ್ಟಲೆ ನಿಲ್ಲಬೇಕಾದ ಹೂವು ಬೇಗನೆ ಬಾಡುತ್ತದೆ. ಆ ಗೊಂಚಲಿನ ನಡುವಿನ ಹೂವು ಪ್ರದರ್ಶನ ಮುಗಿಯುವ ಮೊದಲೇ ಮುದುಡಿತು. ಒಡೆಯರು ಏನೂ ಅನ್ನಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ತೋಳು ಮಡಚಿಕೊಳ್ಳಿ, ಬಳೆ ಮತ್ತು ಉದ್ದನೆಯ ಸರಗಳನ್ನು ತೆಗೆದಿಡಿ, ಹಿಂದಿನ ಸಾಲನ್ನು ಪೂರ್ತಿ ಮುಗಿಸದೆ ಮುಂದಿನ ಸಾಲಿಗೆ ಬರಬೇಡಿ.

ಉತ್ತರ 2

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ನಿಮ್ಮನ್ನು ಬರಿಯ ಕೈಯಾಳಾಗಿಸಲು ನನಗೆ ಮನಸ್ಸಿಲ್ಲ. ಪಟ್ಟಿಯನ್ನು ನೀವು ವಹಿಸಿಕೊಳ್ಳಿ. ಇದನ್ನು ಯಾರೂ ಬಯಸಿ ಮಾಡುವುದಿಲ್ಲ, ಇದು ಕೆಟ್ಟರೆ ಉಳಿದದ್ದೆಲ್ಲ ಕೆಡುತ್ತದೆ. ಗಿಡ ಬಾಗಿಲೊಳಗೆ ಬಂದ ಕೂಡಲೇ ಅದಕ್ಕೊಂದು ಸಂಖ್ಯೆ ಕೊಟ್ಟು, ಆ ಸಂಖ್ಯೆಯನ್ನೂ ಒಡೆಯರ ಹೆಸರನ್ನೂ ಕುಂಡದ ತಳಕ್ಕೆ ಅಂಟಿಸಿ, ಪುಸ್ತಕದಲ್ಲಿ ಬರೆದು, ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಳ್ಳಿ. ಆಗಲೇ ಮುರಿದಿದ್ದ ಮೊಗ್ಗು ಚಿತ್ರದಲ್ಲಿ ಕಂಡರೆ ಕೊನೆಯ ದಿನ ಯಾರ ಮೇಲೂ ಅನುಮಾನ ಬರುವುದಿಲ್ಲ.

ಹೆಸರಿನ ಚೀಟಿಯನ್ನು ಮಾತ್ರ ಗಿಡದಲ್ಲಿರುವಂತೆಯೇ ನಕಲು ಮಾಡಿ, ತಿದ್ದಲು ಹೋಗಬೇಡಿ. ಪ್ಯಾಫಿಯೋಪೆಡಿಲಂ ಮೌಡಿಯೆ 'ಮ್ಯಾಗ್ನಿಫಿಕಮ್' ಎಂಬಲ್ಲಿ ಮೊದಲನೆಯದು ಕುಲ, ಎರಡನೆಯದು ಆ ಸಂಕರಣಕ್ಕೆ (ಎರಡು ಬೇರೆ ಗಿಡಗಳನ್ನು ಕೂಡಿಸಿ ಪಡೆದ ಪೀಳಿಗೆಗೆ) ನೋಂದಾಯಿಸಿದ ಹೆಸರು, ಒಂಟಿ ಉದ್ಧರಣ ಚಿಹ್ನೆಯೊಳಗಿರುವುದು ಆರಿಸಿದ ಒಂದೇ ಗಿಡದ ಹೆಸರು. ಆ ಚಿಹ್ನೆ ಬಿಟ್ಟುಹೋದರೆ ಅರ್ಥವೇ ಬದಲಾಗುತ್ತದೆ. ಆರ್ಕಿಡ್ ಸಂಕರಣಗಳ ಅಂತರರಾಷ್ಟ್ರೀಯ ನೋಂದಣಿಯನ್ನು 1961ರಿಂದ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ನಡೆಸುತ್ತಿದ್ದು, ಸಂದೇಹ ಬಂದರೆ ಅಲ್ಲಿನ ದಾಖಲೆಯಲ್ಲಿ ಹುಡುಕಬಹುದು. ಹಳೆಯ ಬೆಳೆಗಾರರ ಚೀಟಿಯಲ್ಲಿ ಕ್ಯಾಟ್ಲಿಯಾ ಸ್ಕಿನ್ನೆರಿ ಎಂದಿರುವುದು ಹೊಸ ಪಟ್ಟಿಗಳಲ್ಲಿ ಗ್ವಾರಿಯಾಂತೆ ಸ್ಕಿನ್ನೆರಿ ಆಗಿದೆ. ಹೆಸರು ಬದಲಾಯಿಸುವ ಮಾತನ್ನು ಒಡೆಯರೊಡನೆಯೇ ಆಡಿ, ಜೋಡಣೆಯ ದಿನವಂತೂ ಬೇಡವೇ ಬೇಡ.

ಗಿಡಗಳಿಗೆ ಬಿಡಿಬಿಡಿಯಾಗಿ ತೀರ್ಪು ನೀಡುವ ಪ್ರದರ್ಶನವಾದರೆ ತೀರ್ಪುಗಾರರು ಯಾವ ಕುಂಡವನ್ನಾದರೂ ಹತ್ತಿರಕ್ಕೆ ತರಿಸಿಕೊಳ್ಳಬಹುದು. ಅಮೆರಿಕನ್ ಆರ್ಕಿಡ್ ಸೊಸೈಟಿಯ ಪದ್ಧತಿಯಲ್ಲಿ ಹೂವಿನ ಗುಣಕ್ಕೆ ಕೊಡುವ ಗೌರವ 75 ಅಂಕಗಳಿಂದ ಆರಂಭವಾಗಿ, 80ಕ್ಕೆ ಒಂದು ಮೆಟ್ಟಿಲು, 90ಕ್ಕೆ ಇನ್ನೊಂದು ಮೆಟ್ಟಿಲು ಏರುತ್ತದೆ; ಅಷ್ಟು ಸೂಕ್ಷ್ಮವಾಗಿ ನೋಡುವವರಿಗೆ ಗಿಡ ಕೈಗೆ ಸಿಗಬೇಕು. ಆದ್ದರಿಂದ ಕುಂಡಗಳನ್ನು ಪಾಚಿಯಲ್ಲಿ ಹೂತುಬಿಡದೆ, ಎತ್ತಿದರೆ ಬರುವಂತೆ ಇಡಿಸಿ.

ಉತ್ತರ 3

ಪಾಚಿಯ ವಿಷಯ ಬಂದದ್ದರಿಂದ ಹೇಳುತ್ತೇನೆ. ಮೊದಲು ಮೇಜಿನ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಮಗುಚಿದ ಖಾಲಿ ಕುಂಡಗಳ ಮೆಟ್ಟಿಲು, ಅದರ ಮೇಲೆ ಹೊಳಪಿಲ್ಲದ ಕಪ್ಪು ಬಟ್ಟೆ, ಕೊನೆಗೆ ಅಂಚುಗಳಲ್ಲಿ ಮಾತ್ರ ಪಾಚಿ. ಹಾಳೆಯಿಲ್ಲದೆ ಒದ್ದೆ ಪಾಚಿ ಹರಡಿದರೆ ರಾತ್ರಿಯೆಲ್ಲ ನೀರು ಬಟ್ಟೆಗೇರಿ ಬೆಳಗ್ಗೆ ನೆಲಕ್ಕೆ ತೊಟ್ಟಿಕ್ಕುತ್ತಿರುತ್ತದೆ. ಒಯ್ಯಬೇಕಾದದ್ದು ಕತ್ತರಿ, ಹಸಿರು ದಾರ, ಮೆತ್ತನೆಯ ಕುಂಚ, ಮರದ ಬೆಣೆಗಳು, ಒದ್ದೆ ಬಟ್ಟೆ. ಎಲೆಯ ಮೇಲಿನ ಸುಣ್ಣದ ಕಲೆ ಒರೆಸಿದರೆ ಅರ್ಧ ಅಲಂಕಾರ ಮುಗಿದಂತೆ.

ನಿಮ್ಮ ಊಟದ ಡಬ್ಬಿಯಲ್ಲಿ ಬಾಳೆಹಣ್ಣಿದ್ದರೆ ಅದನ್ನು ಮೇಜಿನ ಕೆಳಗೆ ಇಡಬೇಡಿ. ಮಾಗಿದ ಹಣ್ಣು ಬಿಡುವುದೂ ಅದೇ ಎಥಿಲಿನ್. ಕ್ಯಾಟ್ಲಿಯಾ ಹೂವಂತೂ ಅದರ ಸ್ವಲ್ಪ ಸೋಂಕಿಗೇ ಹೊರದಳದ ತುದಿಯನ್ನು ಒಣಗಿಸಿಕೊಳ್ಳುತ್ತದೆ.

ಪ್ರಶ್ನೆ ಕೇಳಿದವರು

ಪಟ್ಟಿಯ ಕೆಲಸವನ್ನು ನಾನೇ ಕೇಳಿ ಪಡೆದಿದ್ದೇನೆ. ಸಂಚಾಲಕರು ತಕ್ಷಣ ಒಪ್ಪಿಕೊಂಡ ವೇಗ ನೋಡಿ ಉತ್ತರ 2ರ ಮಾತು ನಿಜವೆನಿಸಿತು. ಒಂದೇ ಸಂದೇಹ ಉಳಿದಿದೆ. ನನ್ನ ಒಂದು ಫಲೆನಾಪ್ಸಿಸ್ ಕೂಡ ಮೇಜಿನ ಮೇಲಿರಲಿದೆ. ಪ್ರದರ್ಶನ ಮುಗಿದ ಮೇಲೆ ಅದನ್ನು ನೇರವಾಗಿ ಉಳಿದವುಗಳ ಜೊತೆ ಇಡಬಹುದೇ?

ಉತ್ತರ 1

ಬೇಡ. ಮೂರು ವಾರವಾದರೂ ಬೇರೆ ಕೋಣೆಯಲ್ಲಿಡಿ. ಹತ್ತು ಮನೆಗಳ ಗಿಡಗಳು ಎಲೆಗೆ ಎಲೆ ತಾಗಿಸಿಕೊಂಡು ನಿಂತಿರುತ್ತವೆ. ಹಿಟ್ಟು ತಿಗಣೆ ಒಂದರಿಂದ ಇನ್ನೊಂದಕ್ಕೆ ದಾಟಲು ಅಷ್ಟು ಸಾಕು. ಎಲೆಯ ಬುಡದ ಸಂದಿಯನ್ನೂ ಹೂವಿನ ಹಿಂಬದಿಯನ್ನೂ ವಾರಕ್ಕೊಮ್ಮೆ ಬೆಳಕು ಬಿಟ್ಟು ನೋಡಿ, ಹತ್ತಿಯಂತಹ ಬಿಳಿ ಚುಕ್ಕೆ ಕಂಡರೆ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಬಾಡಿದ ಹೂದಂಟನ್ನು ಕತ್ತರಿಸುವಾಗ ಪ್ರದರ್ಶನಕ್ಕೆ ಒಯ್ದಿದ್ದ ಕತ್ತರಿಯನ್ನೇ ಬಳಸುವುದಾದರೆ ಅಲಗನ್ನು ಮೊದಲು ಬೆಂಕಿಯಲ್ಲಿ ಕಾಯಿಸಿಕೊಳ್ಳಿ, ಏಕೆಂದರೆ ಸಿಂಬಿಡಿಯಂ ಮೊಸಾಯಿಕ್ ವೈರಸ್ ಗಿಡದಿಂದ ಗಿಡಕ್ಕೆ ಹೋಗುವುದು ಹೆಚ್ಚಾಗಿ ಅಲಗಿಗೆ ಅಂಟಿದ ರಸದ ಮೂಲಕ, ಅದು ಒಮ್ಮೆ ಹೊಕ್ಕ ಗಿಡಕ್ಕೆ ಮದ್ದಿಲ್ಲ.

ಮತ್ತೆ, ಕೊನೆಯ ದಿನ ಸಂಜೆ ದಯವಿಟ್ಟು ಬೇಗ ಹೊರಡಬೇಡಿ. ಜೋಡಿಸಲು ಎಂಟು ಜನ ಬಂದಿದ್ದರೆ ಬಿಚ್ಚಲು ಮೂವರು ಉಳಿದಿರುತ್ತಾರೆ, ಎಲ್ಲರೂ ಒಮ್ಮೆಗೇ ತಮ್ಮ ಗಿಡ ಕೇಳುತ್ತಾರೆ, ಆ ಹೊತ್ತಿನಲ್ಲಿ ಪುಸ್ತಕ ಇರುವುದು ನಿಮ್ಮ ಕೈಯಲ್ಲಿ.